ನಮ್ಮ ಪಾಲಿನ ಕೇಸಿನ 64 ವಾಯ್ದೆ ಲೆಕ್ಕ ಹಾಕಿದೆ: ಇದ್ರಲ್ಲಿ ಕಂಪ್ಯೂಟರಿಂದ ಎಷ್ಟು ಉಳೀತಿತ್ತು?

ತೆಂಗಿನತೋಟ

ಎಲ್ರಿಗೂ ನಮಸ್ಕಾರ. ನಮ್ಮಪ್ಪ 2015ರಲ್ಲಿ ಹಾಕಿದ ಪಾಲಿನ ದಾವೆ ನಮ್ಮ ತಾಲ್ಲೂಕು ಕೋರ್ಟಲ್ಲಿ ಇನ್ನೂ ನಡೀತಾ ಇದೆ. ಮೂರೂವರೆ ಎಕರೆ ತೆಂಗಿನ ತೋಟ, ಒಂದು ತೊಟ್ಟಿ ಮನೆ. ಎದುರು ಪಾರ್ಟಿ ದೊಡ್ಡಪ್ಪ, ಅತ್ತೆ, ಜೊತೆಗೆ ದೊಡ್ಡಪ್ಪನ ಹತ್ರ ಅರ್ಧ ಎಕರೆ ಬರೆಸಿಕೊಂಡ ಬೆಂಗಳೂರಿನ ಒಬ್ಬರು. ಚಿಕ್ಕಪ್ಪ ನಮ್ಮ ಕಡೆ, ಆದ್ರೆ ಅಮೆರಿಕದಲ್ಲಿದ್ದಾರೆ.

ಮೊದಲೆಲ್ಲ ಅಪ್ಪ ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು, ಸಂಜೆ ವಕೀಲರ ಗುಮಾಸ್ತರು ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರೆದುಕೊಟ್ಟ ತಾರೀಖನ್ನ ಜೇಬಲ್ಲಿಟ್ಟುಕೊಂಡು ಬರೋರು. ಈಗ ಇ-ಕೋರ್ಟ್ಸ್ ಆ್ಯಪ್‌ಗೆ ಕೇಸಿನ ಗುರುತಿನ ಹದಿನಾರು ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದ್ರೆ ಮಲಗಿದ ಕಡೇನೇ ಗೊತ್ತಾಗುತ್ತೆ. ಮೊನ್ನೆ ಭಾನುವಾರ ಕೂತು ಕೇಸ್ ಹಿಸ್ಟರೀಲಿರೋ ಒಂದೊಂದೇ ತಾರೀಖು ಒತ್ತಿ, ಅವತ್ತು ಏನಾಯ್ತು ಅಂತ ಓದಿ ನೋಟ್‌ಬುಕ್ಕಲ್ಲಿ ಗೆರೆ ಹಾಕ್ತಾ ಹೋದೆ. ಒಟ್ಟು 64 ವಾಯ್ದೆ.

ಸಮನ್ಸ್ ಜಾರಿ ಆಗಿಲ್ಲ ಅಂತ 14. ದೊಡ್ಡಪ್ಪ 2019ರಲ್ಲಿ ತೀರಿಕೊಂಡ ಮೇಲೆ ಅವರ ವಾರಸುದಾರರನ್ನ ಸೇರಿಸೋದಕ್ಕೆ 12. ಜಡ್ಜ್ ರಜೆ, ವರ್ಗಾವಣೆ, ಖಾಲಿ ಕುರ್ಚಿ, ಎಲ್ಲಾ ಸೇರಿ 13. ವಕೀಲರು ಸಮಯ ಕೇಳಿದ್ದು, ಎರಡೂ ಕಡೆಯಿಂದ, 16. ಜಾಗ ನೋಡಿ ಬರೋಕೆ ಕೋರ್ಟ್ ನೇಮಿಸಿದ ಕಮಿಷನರ್ ವರದಿ ಬಂದಿಲ್ಲ ಅಂತ 6. ಸಾಕ್ಷಿ ಕಟಕಟೆ ಹತ್ತಿ ನಿಜವಾಗಿ ಬಾಯಿ ಬಿಟ್ಟಿದ್ದು 3.

ಮೂರೇ ದಿನ! ಹತ್ತು ವರ್ಷಕ್ಕೆ!

ಕೋರ್ಟ್ ಡಿಜಿಟಲ್ ಆಯ್ತು, ಕೇಸು ಬೇಗ ಮುಗೀತವೆ ಅಂತ ಪೇಪರಲ್ಲಿ ಓದ್ತಾನೇ ಇರ್ತೀವಲ್ಲ, ಈ 64ರಲ್ಲಿ ಟೆಕ್ನಾಲಜಿಯಿಂದ ನಿಜವಾಗಿ ಎಷ್ಟು ಉಳೀತಿತ್ತು? ಒಳಗಿನವರು ಹೇಳಿ. "ಗೆದ್ದವನು ಸೋತ, ಸೋತವನು ಸತ್ತ" ಅನ್ನೋಕೆ ಯಾರೂ ಬರಬೇಡಿ. ಅದನ್ನ ನಮ್ಮಜ್ಜಿ ದಿನಾ ಹೇಳ್ತಾರೆ.

ಕೋಡ್ ಬರಿಯೋನು

ಬ್ರದರ್, ಈ ಲೆಕ್ಕ ಸೂಪರ್. ದುಡ್ಡಿಗೇನೂ ಬರ ಇಲ್ಲ ನೋಡಿ. ಕೋರ್ಟುಗಳಿಗೆ ಕಂಪ್ಯೂಟರ್ ತರೋ ಇ-ಕೋರ್ಟ್ಸ್ ಯೋಜನೆ ಶುರುವಾಗಿದ್ದು 2007ರಲ್ಲಿ. ಎರಡನೇ ಹಂತಕ್ಕೆ 1,670 ಕೋಟಿ ಇಟ್ಟಿದ್ರು, ಮೂರನೇ ಹಂತಕ್ಕೆ 2023ರ ಸೆಪ್ಟೆಂಬರಲ್ಲಿ ಕೇಂದ್ರ ಸಂಪುಟ 7,210 ಕೋಟಿ ಒಪ್ಪಿದೆ. ಅದರಲ್ಲಿ 2,038 ಕೋಟಿ ಬರೀ ಕಡತ ಸ್ಕ್ಯಾನ್ ಮಾಡಿ ಡಿಜಿಟಲ್ ಮಾಡೋದಕ್ಕೇ.

ನನ್ನ ಪ್ರಕಾರ ನಿಮ್ಮ 64ರಲ್ಲಿ 40 ಆದ್ರೂ ಆರಾಮಾಗಿ ಹೋಗ್ತಿತ್ತು. ಸಮನ್ಸ್ ವಾಟ್ಸಾಪಲ್ಲಿ ಕಳಿಸಿ, ಎರಡು ಬ್ಲೂ ಟಿಕ್ ಬಂತು ಅಂದ್ರೆ ಮುಗೀತು. ವಕೀಲರು ವಿಡಿಯೋ ಕಾಲಲ್ಲಿ ಬರ್ಲಿ. ಡೇಟ್ ಹಾಕೋ ಕೆಲಸ ಸಾಫ್ಟ್‌ವೇರ್‌ಗೆ ಬಿಡಿ. ಇಷ್ಟಕ್ಕೆ ಹತ್ತು ವರ್ಷ ಬೇಕಾ?

ಹಳೇ ಅಮೀನ

ಬ್ಲೂ ಟಿಕ್ ತಮ್ಮಾ, ಅದನ್ನ ಆಫ್ ಮಾಡೋದು ನಮ್ಮೂರ ಹುಡುಗರಿಗೂ ಗೊತ್ತು.

ನಾನು ಇಪ್ಪತ್ತಾರು ವರ್ಷ ಅಮೀನನ ಕೆಲಸ ಮಾಡಿದೋನು. ಸಮನ್ಸ್ ಹಿಡ್ಕೊಂಡು ಸೈಕಲ್ಲಲ್ಲಿ, ಆಮೇಲೆ ಟಿವಿಎಸ್ಸಲ್ಲಿ ಊರೂರು ಸುತ್ತಿದೀನಿ. ಮನೆ ಮುಂದೆ ನಿಂತು ಹೆಸರು ಕೂಗಿದ್ರೆ ಒಳಗಿಂದ ಹೆಂಡ್ತಿ "ಅವರು ಊರಲ್ಲಿಲ್ಲ" ಅಂತಿದ್ರು, ಆಯಪ್ಪನ ಚಪ್ಪಲಿ ಬಾಗಿಲಲ್ಲೇ ಬಿದ್ದಿರೋದು. ಬಾಗಿಲಿಗೆ ಅಂಟಿಸಿ ಪಂಚರ ಸಹಿ ಹಾಕಿಸೋಣ ಅಂದ್ರೆ ಪಕ್ಕದ ಮನೆಯೋನು ಸಹಿ ಹಾಕೋನಲ್ಲ, ನಾಳೆ ಅವನಿಗೆ ನೀರು ಬಿಡಬೇಕಾದವನೂ ಅದೇ ಮನೆಯೋನು.

ನಮ್ಮಲ್ಲೂ ತಪ್ಪಿತ್ತು, ಸುಳ್ಳು ಹೇಳಲ್ಲ. ಊರಿಗೇ ಹೋಗದೆ ಟೀ ಅಂಗಡೀಲಿ ಕೂತು "ಮನೆಗೆ ಬೀಗ" ಅಂತ ಷರಾ ಬರೆದೋರೂ ಇದ್ರು. ನನ್ನ ಸರ್ವೀಸಿನ ಕೊನೇ ವರ್ಷಗಳಲ್ಲಿ ಎನ್‌ಸ್ಟೆಪ್ ಅಂತ ಬಂತು. ಫೋನಲ್ಲಿ ಸಮನ್ಸ್, ಮನೆ ಮುಂದೆ ನಿಂತೇ ಫೋಟೋ ತೆಗೀಬೇಕು, ಎಲ್ಲಿ ನಿಂತಿದ್ದೆ ಅಂತ ಜಿಪಿಎಸ್ಸೇ ಹೇಳಿಬಿಡುತ್ತೆ. ಟೀ ಅಂಗಡಿ ಷರಾ ಅಲ್ಲಿಗೆ ನಿಂತಿತು. ಅದು ಒಳ್ಳೇ ಕೆಲಸ.

ತೆಂಗಿನತೋಟದವರೇ, ಆ 14 ವಾಯ್ದೆ ಇನ್ನೊಂದು ಸಲ ತೆಗೆದು ನೋಡಿ. "ಪಿ.ಎಫ್. ನಾಟ್ ಪೇಯ್ಡ್" ಅಂತ ಎಷ್ಟರಲ್ಲಿದೆ ಎಣಿಸಿ. ಪ್ರೋಸೆಸ್ ಫೀ ಕಟ್ಟಿಲ್ಲ ಅಂದ್ರೆ ಸಮನ್ಸು ಕೋರ್ಟ್ ಬಾಗಿಲೇ ದಾಟಲ್ಲ. ಬೈಸಿಕೊಳ್ಳೋದು ಮಾತ್ರ ಅಮೀನ.

ಬೆಳವಲ

ನಮ್ಮ ಕಡೆ ಬೇಲಿಫ್ ಅಂತೇವ್ರಿ. ಖರೇ ಮಾತು ಹೇಳೀರಿ ಕಾಕಾ.

ನನಗೊಂದು ತಿಳಿವಲ್ದು. ಸಿವಿಲ್ ಕೇಸಿನ್ಯಾಗ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಸಲ ವಾಯ್ದೆ ಕೊಡಬಾರ್ದು ಅಂತ ಕಾಯ್ದೆದಾಗ ಐತೆಲ್ಲರಿ? ಹಂಗಾದ್ರ ಈ ಹದಿನಾರು ಎಲ್ಲಿಂದ ಬಂದೂ?

ಕರಿಕೋಟು

ಸರ್, ಹದಿನಾರರ ಪಾಪ ನಮ್ಮ ತಲೆ ಮೇಲೆ ಬಂತಲ್ಲ, ನಾನೇ ಉತ್ತರ ಕೊಡ್ತೀನಿ. ಜಿಲ್ಲಾ ಕೇಂದ್ರದಲ್ಲಿ ಎಂಟು ವರ್ಷದಿಂದ ಪ್ರಾಕ್ಟೀಸ್ ಮಾಡ್ತಿದೀನಿ.

ಸಿಪಿಸಿ, ಅಂದ್ರೆ ಸಿವಿಲ್ ಕೇಸು ನಡೆಸೋ ಕಾಯ್ದೆ, ಅದರ ಆರ್ಡರ್ 17ರಲ್ಲಿ ಮೂರು ಸಲದ ಮಿತಿ ಇರೋದು ನಿಜ, 2002ರಿಂದ ಜಾರೀಲಿದೆ. ಆದ್ರೆ 2005ರಲ್ಲಿ ಸೇಲಂ ವಕೀಲರ ಸಂಘದ ಕೇಸಲ್ಲಿ ಸುಪ್ರೀಂ ಕೋರ್ಟು, ಕೈಮೀರಿದ ಪರಿಸ್ಥಿತಿ ಇದ್ರೆ ಮೂರು ದಾಟಿದ್ರೂ ಕೊಡಬಹುದು ಅಂದಿತು. ಕೈಮೀರಿದ ಪರಿಸ್ಥಿತಿ ನಮ್ಮಲ್ಲಿ ವಾರಕ್ಕೆರಡು ಸಲ ಬರುತ್ತೆ.

ಒಂದು ದಿನದ ನನ್ನ ಕಥೆ ಕೇಳಿ. ಬೆಳಿಗ್ಗೆ ಹನ್ನೊಂದಕ್ಕೆ ಎರಡನೇ ಮಹಡೀಲಿ ಪಾಟೀಸವಾಲು. ಅದೇ ಹೊತ್ತಿಗೆ ಕೆಳಗೆ ಚೆಕ್ ಬೌನ್ಸ್ ಕೇಸು. ಪಕ್ಕದ ಕಟ್ಟಡದ ಕೌಟುಂಬಿಕ ನ್ಯಾಯಾಲಯದಲ್ಲಿ ಇನ್ನೊಂದು. ಒಂದೊಂದು ಹಾಲಿನ ಪಟ್ಟೀಲೂ ಎಂಬತ್ತು, ತೊಂಬತ್ತು ಕೇಸು. ನನ್ನದು ಹನ್ನೊಂದೂವರೆಗೆ ಕೂಗ್ತಾರೋ ನಾಲ್ಕಕ್ಕೋ ದೇವರಿಗೇ ಗೊತ್ತು. ಕೂಗಿದಾಗ ನಾನು ಇನ್ನೊಂದು ಹಾಲಲ್ಲಿದ್ರೆ ಜೂನಿಯರ್ ಎದ್ದು "ಸಮಯ ಬೇಕು ಸ್ವಾಮಿ" ಅಂತಾನೆ. ಆ್ಯಪಲ್ಲಿ ನಿಮಗೆ ಕಾಣೋದು ಆ ಒಂದು ಸಾಲು.

ಇಲ್ಲಿ ವಿಡಿಯೋ ಕಾನ್ಫರೆನ್ಸ್ ನಿಜಕ್ಕೂ ಕೆಲಸಕ್ಕೆ ಬರುತ್ತೆ. ಕೋವಿಡ್ ಟೈಮಲ್ಲಿ ಕಲಿತೆವು, 2020ರಲ್ಲೇ ಕರ್ನಾಟಕದಲ್ಲಿ ಅದಕ್ಕೆ ನಿಯಮಗಳೂ ಬಂದ್ವು. ಆದ್ರೆ ಎಂಬತ್ತು ಕೇಸಿನ ಪಟ್ಟಿ ಮೂವತ್ತಕ್ಕೆ ಇಳೀದೇ ಇದ್ರೆ ಹಾಲಲ್ಲಿ ಕಾಯೋ ಬದಲು ಸ್ಕ್ರೀನ್ ಮುಂದೆ ಕಾಯ್ತೀವಿ, ಅಷ್ಟೇ.

ಬೆಳವಲ

ಹೈಕೋರ್ಟಿನ್ಯಾಗ ಮಾತ್ರ ಫರಕ್ ಬಿದ್ದೈತ್ರಿ. 2008ರಾಗ ಧಾರವಾಡ, ಕಲಬುರಗಿಗೆ ಪೀಠ ಬರೂದಕ್ಕ ನಮ್ಮ ಮಂದಿ ಎಷ್ಟು ವರ್ಷ ಹೋರಾಡಿದ್ರು ಅಂಬೋದು ಗೊತ್ತೈತೆಲ್ಲ. ಆದ್ರೂ ಒಂದಿಷ್ಟು ಕೇಸಿಗೆ ಬೆಂಗಳೂರ ಮುಖ್ಯ ಪೀಠಕ್ಕ ಹೋಗಬೇಕಾಗ್ತಿತ್ತು. ರಾತ್ರಿ ರೈಲು, ಬೆಳಿಗ್ಗೆ ಲಾಡ್ಜಿನ್ಯಾಗ ಸ್ನಾನ, ಹತ್ತು ನಿಮಿಷ ಕೆಲಸ, ಮತ್ತ ರಾತ್ರಿ ರೈಲು. ಈಗ ನಮ್ಮ ವಕೀಲರು ಹುಬ್ಬಳ್ಳಿ ಆಫೀಸಿನ್ಯಾಗ ಕುಂತು ವಾದ ಮಾಡ್ತಾರ. ಕಕ್ಷಿದಾರನ ಖರ್ಚು ಉಳೀತು. ಕೇಸ್ ಬೇಗ ಮುಗೀತೇನು ಅಂದ್ರ ಅದು ಬ್ಯಾರೆ ಮಾತು.

ಕೋಡ್ ಬರಿಯೋನು

2021ರ ಮೇನಲ್ಲಿ ಹೈಕೋರ್ಟ್ ಯೂಟ್ಯೂಬಲ್ಲಿ ಲೈವ್ ಶುರು ಮಾಡ್ತಲ್ಲ, ಅದನ್ನ ನಾನು ಊಟ ಮಾಡ್ತಾ ನೋಡ್ತಿದ್ದೆ. ಆಮೇಲೆ 2023ರ ಡಿಸೆಂಬರಲ್ಲಿ ಯಾರೋ ಕಿಡಿಗೇಡಿಗಳು ವಿಡಿಯೋ ಕಾನ್ಫರೆನ್ಸ್ (ವಿಸಿ) ಒಳಗೆ ನುಗ್ಗಿ ಅಶ್ಲೀಲ ವಿಡಿಯೋ ಹಾಕಿ, ಸ್ವಲ್ಪ ದಿನ ವಿಸಿ, ಲೈವ್ ಎರಡೂ ಬಂದ್. ಸೆಕ್ಯೂರಿಟಿ ಮೊದಲೇ ಯೋಚಿಸಿದ್ರೆ ಆಗ್ತಿರಲಿಲ್ಲ ಅಂತ ನಮ್ಮ ಆಫೀಸಲ್ಲಿ ಎಲ್ರೂ ಬೈದ್ವಿ. ಅದೇ ವಾರ ನಮ್ಮದೇ ಸರ್ವರ್ ಬಿದ್ದೋಯ್ತು ಅನ್ನೋದು ಬೇರೆ ಕಥೆ.

ತೆಂಗಿನತೋಟ

ಅಮೀನಪ್ಪಾ, ಎಣಿಸಿದೆ. ಮುಖ ಮುಚ್ಚಿಕೊಳ್ಳೋ ಹಾಗಾಯ್ತು.

14ರಲ್ಲಿ 6 "ಪಿ.ಎಫ್. ನಾಟ್ ಪೇಯ್ಡ್". ದಾವೆ ಹಾಕಿದವರು ನಾವು, ಫೀ ಕಟ್ಟಬೇಕಾದವರೂ ನಾವೇ. ಅಪ್ಪನ್ನ ಕೇಳಿದ್ರೆ "ಪ್ರತಿ ಸಲ ಗುಮಾಸ್ತರ ಕೈಗೆ ದುಡ್ಡು ಕೊಟ್ಟಿದೀನಲ್ಲೋ" ಅಂತಾರೆ. ಇನ್ನು 4 ಬೆಂಗಳೂರಿನವರು ಮನೆ ಬದಲಾಯಿಸಿದ್ದಕ್ಕೆ. "ಬೀಗ ಹಾಕಿದೆ" ಅಂತ ನಿಮ್ಮ ಇಲಾಖೆ ಖಾತೆಗೆ ಬೀಳೋದು 4 ಮಾತ್ರ.

ಹತ್ತು ವರ್ಷ ಸರ್ಕಾರಕ್ಕೆ, ಕೋರ್ಟಿಗೆ, ಅಮೀನನಿಗೆ ಬೈದುಕೊಂಡು ಓಡಾಡಿದ್ವಿ.

ಹಳೇ ಅಮೀನ

ಬಿಡಿ ಮಗಾ, ನಮಗೆ ಅಭ್ಯಾಸ ಆಗಿದೆ. ಈಗ ಕೋರ್ಟ್ ಫೀ, ಪ್ರೋಸೆಸ್ ಫೀ ಆನ್‌ಲೈನಲ್ಲೇ ಕಟ್ಟೋಕೆ ಬರುತ್ತೆ. ಕಟ್ಟಿ ರಸೀದಿ ಇಟ್ಕೊಳಿ. ಯಾರ ಕೈಗೂ ನೋಟು ಕೊಡಬೇಡಿ.

ನಿವೃತ್ತ ಶಿರಸ್ತೇದಾರ

ಇಲ್ಲಿಯವರೆಗಿನ ಚರ್ಚೆ ಓದಿದೆ. ವಾರಸುದಾರರ ವಿಷಯಕ್ಕೆ ಹೋದ 12 ವಾಯ್ದೆಗಳ ಬಗ್ಗೆ ಯಾರೂ ಮಾತಾಡಲಿಲ್ಲ. ಪಾಲಿನ ದಾವೆಗಳು ಹಳ್ಳ ಹಿಡಿಯುವುದು ಸಾಮಾನ್ಯವಾಗಿ ಅಲ್ಲೇ, ಹಾಗಾಗಿ ಹೇಳುತ್ತೇನೆ.

ಪಕ್ಷಗಾರರು ತೀರಿಕೊಂಡರೆ 90 ದಿನದೊಳಗೆ ವಾರಸುದಾರರನ್ನು ಸೇರಿಸಲು ಅರ್ಜಿ ಹಾಕಬೇಕು. ತಪ್ಪಿದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ. ಅದನ್ನು ಎಬ್ಬಿಸಲು ಮತ್ತೆ 60 ದಿನದೊಳಗೆ ಬೇರೆ ಅರ್ಜಿ, ಅದೂ ತಪ್ಪಿದರೆ ತಡ ಮನ್ನಿಸಿ ಎಂದು ಮೂರನೇ ಅರ್ಜಿ. ಒಂದೊಂದಕ್ಕೂ ನೋಟಿಸು, ಒಂದೊಂದಕ್ಕೂ ಆಕ್ಷೇಪಣೆ. ಮುಖ್ಯ ದಾವೆ ಕಟ್ಟಿನಲ್ಲಿ ಮಲಗಿರುತ್ತದೆ. ಹನ್ನೆರಡು ವಾಯ್ದೆ ಎಂದರೆ ನಿಮ್ಮದು ಬೇಗ ಮುಗಿದಿದೆ ಎಂದೇ ಹೇಳಬೇಕು. ಒಂದು ಸಾವಿನ ಅರ್ಜಿ ಮುಗಿಯುವುದರೊಳಗೆ ಇನ್ನೊಬ್ಬರು ತೀರಿಕೊಂಡ ಕಡತಗಳನ್ನು ನನ್ನ ಕೈಯಾರೆ ಹೊಲಿದಿದ್ದೇನೆ.

ಹಾಗೆ ನೋಡಿದರೆ ಇದು ಕಂಪ್ಯೂಟರಿನ ಕೆಲಸ. ಮರಣ ನೋಂದಣಿ ಇ-ಜನ್ಮ ತಂತ್ರಾಂಶದಲ್ಲಿ ಆಗುತ್ತದೆ, ವಂಶವೃಕ್ಷ ನಾಡಕಚೇರಿಯಲ್ಲಿ ಸಿಗುತ್ತದೆ, ಪಹಣಿ ಭೂಮಿ ತಂತ್ರಾಂಶದಲ್ಲಿದೆ, ಕ್ರಯಪತ್ರ ಕಾವೇರಿ ತಂತ್ರಾಂಶದಲ್ಲಿದೆ. ಎಲ್ಲವೂ ಗಣಕೀಕೃತವೇ. ಆದರೂ ಕಕ್ಷಿದಾರ ಈ ಒಂದೊಂದನ್ನೂ ಪ್ರಿಂಟ್ ತೆಗೆಸಿ, ಸೀಲು ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿ ತಂದು ನ್ಯಾಯಾಲಯಕ್ಕೆ ಕೊಡುತ್ತಾನೆ. ಅದನ್ನು ನಾವು ಮತ್ತೆ ಸ್ಕ್ಯಾನ್ ಮಾಡುತ್ತೇವೆ. ಎರಡು ಕಂಪ್ಯೂಟರುಗಳ ನಡುವೆ ಬಸ್ಸಿನಲ್ಲಿ ಓಡಾಡುವ ತಂತಿ ಅವನೇ.

ಒಂದು ಎಚ್ಚರಿಕೆಯೂ ಇದೆ. ಭೂಮಿ ಬಂದ ಕಾಲದಲ್ಲಿ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸುವಾಗ ತಪ್ಪುಗಳೂ ಜೊತೆಗೇ ಏರಿದವು. "ನಿಂಗಯ್ಯ" ಇದ್ದದ್ದು "ಲಿಂಗಯ್ಯ" ಆಯಿತು, ಗುಂಟೆಗಳು ಹೆಚ್ಚುಕಮ್ಮಿಯಾದವು. ಅವನ್ನು ತಿದ್ದಿಸಲು ಜನ ತಹಶೀಲ್ದಾರರ ಹತ್ತಿರ, ಉಪವಿಭಾಗಾಧಿಕಾರಿ (ಎ.ಸಿ.) ಹತ್ತಿರ, ಕೊನೆಗೆ ನಮ್ಮ ಹತ್ತಿರವೇ ಬಂದರು.

ಗಡಿನಾಡು

ನಾನು ಕಾಸರಗೋಡಿನವ, ಹಾಗಾಗಿ ಕೇರಳದ ಸುದ್ದಿ ಸ್ವಲ್ಪ ಹೇಳ್ತೇನೆ ಮಾರಾಯ್ರೆ. ಕೊಲ್ಲಂನಲ್ಲಿ 2024ರ ನವೆಂಬರಿನಿಂದ ಇಪ್ಪತ್ನಾಲ್ಕು ಗಂಟೆಯ ಆನ್‌ಲೈನ್ ಕೋರ್ಟು ಉಂಟು. ಚೆಕ್ ಬೌನ್ಸ್ ಕೇಸಿಗೆ ಮಾತ್ರ. ರಾತ್ರಿ ಎರಡು ಗಂಟೆಗೂ ಅರ್ಜಿ ಹಾಕಬಹುದು, ಕಾಗದ ಇಲ್ಲ. ಚೆಕ್ ಕೇಸನ್ನೇ ಆರಿಸಿದ್ದು ಬುದ್ಧಿವಂತಿಕೆ ಅಂತ ನನ್ನ ಅಭಿಪ್ರಾಯ. ಚೆಕ್ಕು, ಬ್ಯಾಂಕಿನ ಮೆಮೋ, ನೋಟಿಸು, ಪೋಸ್ಟಿನ ರಸೀದಿ. ಇಷ್ಟರಲ್ಲೇ ಮುಕ್ಕಾಲು ಕೇಸು ಮುಗೀತದೆ. ನಿಮ್ಮ ತೆಂಗಿನ ತೋಟಕ್ಕೆ ಅದು ಆಗ್ಲಿಕ್ಕಿಲ್ಲ.

ಮತ್ತೆ ಸಾಕ್ಷಿ ಹೇಳಿಕೆ ಬರೆದುಕೊಳ್ಳಲಿಕ್ಕೆ ಮಾತು ಕೇಳಿ ತಾನೇ ಟೈಪ್ ಮಾಡುವ ಎಐ ಸಾಫ್ಟ್‌ವೇರನ್ನು 2025ರ ನವೆಂಬರಿನಿಂದ ಅಲ್ಲಿಯ ಕೆಳಗಿನ ಕೋರ್ಟುಗಳಲ್ಲಿ ಬಳಸಲೇಬೇಕು ಅಂತ ಹೈಕೋರ್ಟು ಹೇಳಿತು. ಕನ್ನಡಕ್ಕೆ ಅಂಥದ್ದು ಬಂದರೆ ಒಳ್ಳೆಯದಲ್ವಾ?

ಕರಿಕೋಟು

ಬಂದ್ರೆ ಒಳ್ಳೇದೇ, ಆದ್ರೆ ಒಂದು ತೊಡಕಿದೆ. ನಮ್ಮ ಕೆಳ ಕೋರ್ಟಲ್ಲಿ ಸಾಕ್ಷಿ ಹೇಗೆ ಬರೆದುಕೊಳ್ತಾರೆ ಅಂತ ನೋಡಿದೀರಾ? ನಾನು ಕೇಳ್ತೀನಿ: "ಏನಜ್ಜಾ, ಈ ಜಮೀನು ನಿಮ್ಮಣ್ಣ ಸ್ವಂತ ದುಡ್ಡಲ್ಲಿ ತಗೊಂಡಿದ್ದು ತಾನೆ?" ಅಜ್ಜ ಹೇಳ್ತಾನೆ: "ಎಲ್ಲಿಂದ ಬರ್ಬೇಕು ಅವನಿಗೆ ದುಡ್ಡು, ಎತ್ತು ಮಾರಿದ್ದು ನಮ್ಮಪ್ಪ, ಅವನೇನ್ ಮಾಡ್ದ?" ಜಡ್ಜ್ ಒಂದು ಕ್ಷಣ ತಡೆದು ಟೈಪಿಸ್ಟ್‌ಗೆ ಹೇಳ್ತಾರೆ: "ಸದರಿ ಜಮೀನನ್ನು ನನ್ನ ಅಣ್ಣ ಸ್ವಂತ ಹಣದಿಂದ ಖರೀದಿಸಿದ್ದಾನೆ ಎಂದರೆ ಸರಿಯಲ್ಲ."

ದಾಖಲೆಗೆ ಹೋಗೋದು ಆ ಕೊನೇ ವಾಕ್ಯ. ಪ್ರಶ್ನೆ, ಉತ್ತರ, ಸಿಟ್ಟು ಎಲ್ಲಾ ಸೇರಿ ಒಂದು "ಎಂದರೆ ಸರಿಯಲ್ಲ" ಆಗುತ್ತೆ. ಯಂತ್ರ ಅಜ್ಜನ ಮಾತನ್ನ ಅಕ್ಷರಶಃ ಬರೆದ್ರೆ ಎತ್ತು ಮಾರಿದ ವಿಷಯವೂ ದಾಖಲೆಗೆ ಬರುತ್ತೆ. ಅದು ಒಳ್ಳೇದಾ ಕೆಟ್ಟದ್ದಾ ಅಂತ ನಮ್ಮ ಬಾರ್ ರೂಮಲ್ಲಿ ಎರಡು ಕಾಫಿ ಆಗೋಷ್ಟು ಜಗಳ ಆಗಿದೆ. ನನಗಂತೂ ಎತ್ತು ಬೇಕು.

ಎಐ ಅಂದಾಗ ನೆನಪಾಯ್ತು. 2025ರಲ್ಲಿ ಬೆಂಗಳೂರಿನ ಒಂದು ಸಿವಿಲ್ ಕೋರ್ಟ್ ಆದೇಶದಲ್ಲಿ ಇಲ್ಲವೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನ ಆಧಾರವಾಗಿ ಕೊಟ್ಟಿರೋದು ಹೈಕೋರ್ಟ್ ಕಣ್ಣಿಗೆ ಬಿತ್ತು. ಇದನ್ನ ವಿಚಾರಿಸಿ ಕ್ರಮ ತಗೊಳ್ಳಬೇಕು ಅಂತ ಹೇಳಿತು. ಆವತ್ತಿಂದ ನಮ್ಮ ಸೀನಿಯರ್, ಪುಸ್ತಕ ಕೈಯಲ್ಲಿ ಹಿಡಿದು ತೋರಿಸದೆ ಯಾವ ಸೈಟೇಶನ್ನೂ ಒಪ್ಪಲ್ಲ.

ನಿವೃತ್ತ ಶಿರಸ್ತೇದಾರ

ಕನ್ನಡದ ವಿಷಯಕ್ಕೆ ಒಂದು ಮಾತು. ಹತ್ತು ಹದಿನೈದು ವರ್ಷದ ಹಿಂದೆ ಟೈಪ್ ಮಾಡಿದ ಸಾಕ್ಷಿ ಹೇಳಿಕೆಗಳು ಹಳೆಯ ನುಡಿ ಅಕ್ಷರಶೈಲಿಯಲ್ಲಿವೆ. ಅವನ್ನು ಈಗಿನ ಯೂನಿಕೋಡ್ ಯಂತ್ರದಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ. ಕಡತ ಡಿಜಿಟಲ್ ಆಗಿದೆ, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಮೇಲ್ಮನವಿಗೆ ಹೋದಾಗ ಮತ್ತೆ ಮೊದಲಿಂದ ಟೈಪ್ ಮಾಡಿಸಿದ ಪ್ರಕರಣಗಳಿವೆ.

ಕೋಡ್ ಬರಿಯೋನು

ಅದಕ್ಕೆ ಕನ್ವರ್ಟರ್ ಇದೆಯಲ್ಲ ಸರ್! ಇವತ್ತು ರಾತ್ರಿನೇ ಕೂತು ಮಾಡಿಕೊಡ್ತೀನಿ ಬೇಕಿದ್ರೆ.

ನಿವೃತ್ತ ಶಿರಸ್ತೇದಾರ

ಇದೆ ಮಗು. ಒತ್ತಕ್ಷರ ಒಂದು ತಪ್ಪಿದರೂ ಸರ್ವೆ ನಂಬರಿನ ಪಕ್ಕದ ಹೆಸರು ಬೇರೆಯಾಗುತ್ತದೆ. ಸರಿ ಇದೆ ಎಂದು ಸಹಿ ಹಾಕುವವರು ಯಾರು?

ಬೆಳವಲ

ಆ 13ರ ಬಗ್ಗೆ ಯಾರೂ ಮಾತಾಡವಲ್ರಿ. ಖಾಲಿ ಕುರ್ಚಿಗೆ ಯಾವ ಆ್ಯಪ್ ಐತಿ?

ಕರಿಕೋಟು

ಅದಕ್ಕೆ ಆ್ಯಪ್ ಇಲ್ಲ. 1987ರಲ್ಲೇ ಕಾನೂನು ಆಯೋಗ ತನ್ನ 120ನೇ ವರದೀಲಿ, ಹತ್ತು ಲಕ್ಷ ಜನಕ್ಕೆ 50 ಜಡ್ಜ್ ಬೇಕು ಅಂದಿತ್ತು. ಇವತ್ತಿಗೂ ಸರ್ಕಾರ ಸಂಸತ್ತಲ್ಲಿ ಹೇಳೋ ಲೆಕ್ಕ ಸುಮಾರು 21. ಅದೂ 2011ರ ಜನಗಣತಿ ಮೇಲೆ, ಮಂಜೂರಾದ ಹುದ್ದೆ ಹಿಡಿದು. ತೆಂಗಿನತೋಟದವರ 64ರಲ್ಲಿ ಬಟನ್ ಒತ್ತಿದ್ರೂ ಅಲ್ಲಾಡದೇ ಇರೋದು ಈ 13.

ಟೆಕ್ನಾಲಜಿ ಕಣ್ಣಿಗೆ ಕಾಣೋ ಹಾಗೆ ವೇಗ ಕೊಟ್ಟ ಜಾಗ ಅಂದ್ರೆ ಜಾಮೀನು. ಮೊದಲು ಸುಪ್ರೀಂ ಕೋರ್ಟ್ ಜಾಮೀನು ಕೊಟ್ರೂ ಆದೇಶದ ಪ್ರತಿ ಜೈಲಿಗೆ ಮುಟ್ಟೋವರೆಗೂ ಮನುಷ್ಯ ಒಳಗೇ. 2021ರಲ್ಲಿ ಆಗ್ರಾ ಜೈಲಲ್ಲಿ ಹಾಗೇ ಆಗಿ, ಸುಪ್ರೀಂ ಕೋರ್ಟ್ ತಾನಾಗೇ ಕೈಗೆತ್ತಿಕೊಂಡು, 2022ರ ಮಾರ್ಚಲ್ಲಿ ಫಾಸ್ಟರ್ ಅಂತ ವ್ಯವಸ್ಥೆ ತಂತು. ಆದೇಶ ಈಗ ನೇರ ಜೈಲಿಗೇ ಎಲೆಕ್ಟ್ರಾನಿಕ್ ಆಗಿ ಹೋಗುತ್ತೆ. ಅಲ್ಲಿ ಅಡ್ಡಿ ಇದ್ದಿದ್ದು ಕಾಗದ ಮಾತ್ರ, ತಡ ಆಗೋದ್ರಿಂದ ಯಾರಿಗೂ ಲಾಭ ಇರಲಿಲ್ಲ. ಪಾಲಿನ ಕೇಸಲ್ಲಿ ಹಾಗಲ್ಲ. ತೋಟ ಯಾರ ಕೈಲಿದೆಯೋ ಅವರು ಪ್ರತಿ ವಾಯ್ದೆಗೂ ಒಂದು ಕೊಯ್ಲು ಕಾಯಿ ಇಳಿಸ್ತಾರೆ.

ತೆಂಗಿನತೋಟ

ಇದನ್ನ ಅಪ್ಪನಿಗೆ ಓದಿ ಹೇಳಿದೆ. ಸುಮ್ಮನೆ ತಲೆ ಆಡಿಸಿದ್ರು. ತೋಟ ದೊಡ್ಡಪ್ಪನ ಮಕ್ಕಳ ಕೈಲಿದೆ.

ದೂರದೇಶ

ನಾನು ಹತ್ತೊಂಬತ್ತು ವರ್ಷದಿಂದ ಹೊರಗಿದೀನಿ, ಇಂಥದ್ದೇ ಒಂದು ದಾವೇಲಿ ಇಲ್ಲಿಂದಲೇ ಸಾಕ್ಷಿ ಹೇಳಿದೀನಿ. ನಿಮ್ಮ ಚಿಕ್ಕಪ್ಪನಿಗೆ ಉಪಯೋಗ ಆಗಬಹುದು. ವಿಸಿ ಮೂಲಕ ಸಾಕ್ಷ್ಯ ಆಗುತ್ತೆ ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಪ್ರಫುಲ್ ದೇಸಾಯಿ ಕೇಸಲ್ಲಿ ಹೇಳಿದೆ. ನಿಮ್ಮ ವಕೀಲರು ಅರ್ಜಿ ಹಾಕಬೇಕು. ವಿದೇಶದಲ್ಲಿರೋರ ಪಕ್ಕದಲ್ಲಿ ಭಾರತೀಯ ದೂತಾವಾಸ ಅಥವಾ ಕಾನ್ಸುಲೇಟಿನ ಅಧಿಕಾರಿ ಇರಬೇಕು ಅಂತ ನಿಯಮ ಇದೆ. ಎದುರಿಗೆ ಯಾರೂ ಸನ್ನೆ ಮಾಡ್ತಿಲ್ಲ, ಚೀಟಿ ತೋರಿಸ್ತಿಲ್ಲ ಅಂತ ಖಾತ್ರಿ ಆಗ್ಬೇಕಲ್ಲ.

ಸಮಯದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಅಲ್ಲಿ ಬೆಳಿಗ್ಗೆ ಹನ್ನೊಂದು ಅಂದ್ರೆ ಇಲ್ಲಿ ನಡುರಾತ್ರಿ ದಾಟಿರುತ್ತೆ, ಆ ಹೊತ್ತಲ್ಲಿ ಯಾವ ಕಚೇರಿ ತೆರೆದಿರುತ್ತೆ? ನಮ್ಮ ಕೇಸಲ್ಲಿ ಬೇರೆಲ್ಲದಕ್ಕಿಂತ ಹೆಚ್ಚು ಪತ್ರ ಓಡಾಡಿದ್ದು ಈ ಒಂದು ವಿಷಯಕ್ಕೇ. ಮೂಲ ದಾಖಲೆ ಗುರುತಿಸಬೇಕಾದ್ರೆ ಸ್ಕ್ಯಾನ್ ಪ್ರತಿ ಮುಂಚೇನೇ ತರಿಸಿಕೊಂಡಿರಲಿ. ನನಗೆ ತೋರಿಸಿದ ಕಾಗದ ಕ್ಯಾಮೆರಾದಲ್ಲಿ ಬರೀ ಬಿಳಿ ಚೌಕ ಕಂಡಿತ್ತು.

ಗಡಿನಾಡು

ಓಹೋ, ಇದೊಂದು ಪೋಸ್ಟನ್ನು ಪಿನ್ ಮಾಡಿ ಇಡಬೇಕು.

ತೆಂಗಿನತೋಟ

ನಾಲ್ಕು ತಿಂಗಳಾದ ಮೇಲೆ ಬಂದಿದೀನಿ, ಕ್ಷಮಿಸಿ.

ವಕೀಲರನ್ನ ಬದಲಾಯಿಸಲಿಲ್ಲ. ಅಪ್ಪ ಒಪ್ಪಲಿಲ್ಲ, "ಹತ್ತು ವರ್ಷದ ಕಥೆ ಹೊಸಬರಿಗೆ ಹೇಳೋಕೆ ಇನ್ನೈದು ವರ್ಷ ಬೇಕು" ಅಂದ್ರು. ಆದ್ರೆ ಪ್ರತಿ ವಾಯ್ದೆ ಸಂಜೆ ನಾನೇ ಆ್ಯಪ್ ತೆಗೆದು ಅವತ್ತಿನ ಸಾಲು ಓದಿ, ಗುಮಾಸ್ತರಿಗೆ ಫೋನ್ ಮಾಡಿ ಮುಂದಿನದಕ್ಕೆ ಏನು ಬೇಕು ಅಂತ ಕೇಳ್ತೀನಿ. ಮೊದಮೊದಲು ಸಿಡುಕಿದ್ರು, ಈಗ ಅವರೇ ಮೆಸೇಜ್ ಹಾಕ್ತಾರೆ.

ಚಿಕ್ಕಪ್ಪನ ಸಾಕ್ಷಿ ವಿಸಿಯಲ್ಲಿ ಆಯ್ತು. ಅರ್ಜಿಗೆ ಎದುರು ಕಡೆಯವರು ಆಕ್ಷೇಪಣೆ ಹಾಕಿ ಎರಡು ವಾಯ್ದೆ ಹೋದ್ವು, ಹೊಂದೋ ಟೈಮಿಗೆ ಇನ್ನೊಂದು. ಪಾಟೀಸವಾಲು ನಲವತ್ತು ನಿಮಿಷ. ನಾನು ಹಾಲಿನ ಹಿಂದಿನ ಬೆಂಚಲ್ಲಿ ಕೂತಿದ್ದೆ. ಟಿವಿ ಸೈಜಿನ ಸ್ಕ್ರೀನಲ್ಲಿ ಚಿಕ್ಕಪ್ಪ ಸ್ವೆಟರ್ ಹಾಕ್ಕೊಂಡು ಕೂತಿದ್ರು. ಎದುರು ವಕೀಲರು "ಆ ಮನೆ ತೊಟ್ಟೀಲಿ ಎಷ್ಟು ಕಂಬ ಇದಾವೆ ಹೇಳಿ" ಅಂದ್ರು. ಇವರು ಕಣ್ಣು ಮುಚ್ಚಿ ಬೆರಳು ಮಡಚಿ ಎಣಿಸಿ "ಎಂಟು, ಅದರಲ್ಲಿ ಒಂದು ನಾನು ಹುಟ್ಟೋ ಮುಂಚೇನೇ ಸೀಳು ಬಿಟ್ಟಿದ್ದು" ಅಂದ್ರು. ಅತ್ತೆ ನನ್ನ ಮುಂದಿನ ಬೆಂಚಲ್ಲೇ ಇದ್ರು, ಎದುರು ಪಾರ್ಟಿ. ಸೆರಗು ಬಾಯಿಗೆ ಇಟ್ಟುಕೊಂಡ್ರು.

ಕರಿಕೋಟು ಹೇಳಿದ ಹಾಗೇ ಸೀಳು ದಾಖಲೆಗೆ ಹೋಗಲಿಲ್ಲ. "ಎಂಟು ಕಂಬಗಳಿವೆ" ಅಷ್ಟೇ.

ಐದೂ ನಲವತ್ತಕ್ಕೆ ಆ್ಯಪಲ್ಲಿ ಮುಂದಿನ ತಾರೀಖು ಬಂತು. ಉದ್ದೇಶದ ಜಾಗದಲ್ಲಿ "ವಾದಕ್ಕೆ" ಅಂತಿದೆ. ಹತ್ತು ವರ್ಷದಲ್ಲಿ ಆ ಪದ ಮೊದಲನೇ ಸಲ ನೋಡ್ತಿದೀನಿ.

ನಿವೃತ್ತ ಶಿರಸ್ತೇದಾರ

ಶುಭವಾಗಲಿ. ತೀರ್ಪು ಬಂದರೂ ಅದು ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟು ಪಾಲು ಎಂದು ಮಾತ್ರ ಹೇಳುತ್ತದೆ. ಜಮೀನು ಅಳೆದು ಗಡಿಕಲ್ಲು ನೆಡಲು ಅಂತಿಮ ಡಿಕ್ರಿ ಬೇಕು. ಅದಕ್ಕೆ ಬೇರೆ ಅರ್ಜಿಗೆ ಕಾಯದೆ ಕೋರ್ಟೇ ಮುಂದುವರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಆದರೂ ನಿಮ್ಮ ವಕೀಲರಿಗೆ ನೆನಪಿಸಿ. ತೀರ್ಪಿನ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಸರ್ವೆಯರ್ ಬರುವ ದಿನ ತೋಟದಲ್ಲಿ ನೀವೇ ಇರಿ.

ಹಳೇ ಅಮೀನ

ಪ್ರೋಸೆಸ್ ಫೀ ರಸೀದಿ ಇಟ್ಕೊಂಡಿದೀರಾ?

ತೆಂಗಿನತೋಟ

ಇಟ್ಕೊಂಡಿದೀನಿ ಅಮೀನಪ್ಪಾ. ಫೋನಲ್ಲೂ ಇದೆ, ಅಪ್ಪನ ಟ್ರಂಕಲ್ಲೂ ಇದೆ.